ಯಾವ ನಾಯಿ?

ಕುತೈಸಿಯಲ್ಲಿ ಬೆಳಗ್ಗೆ ಆರಕ್ಕೆ, ಬ್ರೆಡ್ಡಿನ ಒಲೆಗಿಂತ ಮೊದಲು
ನನ್ನ ಫೋನು ಬಿಸಿಯಾಗುತ್ತದೆ.
ಮೇಲಿನ ಎರಡು ಕೋಣೆ ಬಾಡಿಗೆಗೆ. ಬರುವವರು
ಪೋಲೆಂಡಿನವರು, ಕೊರಿಯಾದವರು, ಒಮ್ಮೊಮ್ಮೆ ಸ್ಕಾಟ್ಲೆಂಡಿನವರು.
ಎಲ್ಲರಿಗೂ ಒಂದೇ ಸೇತುವೆ, ಇಂಗ್ಲಿಷು.
ಅದರ ಹಲಗೆ ಎಲ್ಲೆಲ್ಲಿ ಸಡಿಲವೋ
ಅಲ್ಲೆಲ್ಲ ಬೀಳುವುದು ನನ್ನ ಕಾಲೇ.

ನಾನು ತ್ಸಿಯಾಲಾ, ಐವತ್ತೆಂಟು. ಶಾಲೆಯಲ್ಲಿ ಕಲಿತದ್ದು ರಷ್ಯನ್.
ಇಂಗ್ಲಿಷು ಬಂದದ್ದು ಅತಿಥಿಗಳ ಜೊತೆ,
ಸೂಟ್‌ಕೇಸಿನ ಚಕ್ರದ ಹಾಗೆ
ಮೆಟ್ಟಿಲು ಮೆಟ್ಟಿಲಿಗೂ ತಡವರಿಸುತ್ತ.
ನಮ್ಮ ಜಾರ್ಜಿಯನ್ನಿನಲ್ಲಿ ಅವನು, ಅವಳು, ಅದು
ಮೂರಕ್ಕೂ ಒಂದೇ ಮಾತು. ದೊಡ್ಡಕ್ಷರವಿಲ್ಲ,
ದೇವರಿಗೂ ದಾಳಿಂಬೆಗೂ ಒಂದೇ ಎತ್ತರ.
'ಎ' ಇಲ್ಲ, 'ದ' ಇಲ್ಲ.
ಇಲ್ಲದ್ದನ್ನು ಎಲ್ಲಿಡಬೇಕೆಂದು ಯಾರನ್ನು ಕೇಳಲಿ?

ಹೋದ ಮಾರ್ಚಿನಲ್ಲಿ ಬಾಗಿಲಿಗೊಂದು ಚೀಟಿ ಬರೆದೆ:
ದಯವಿಟ್ಟು ನಾಯಿಗೆ ತಿನ್ನಿಸಬೇಡಿ.
ಇಂಗ್ಲಿಷಿನಲ್ಲಿ, ನಾಯಿಯ ಮುಂದೊಂದು 'ಎ' ಕಟ್ಟಿ.
ಅಕ್ಕನ ಮಗ ಜಾಬಾ ನಕ್ಕ.
"ಚಿಕ್ಕಮ್ಮ, ತಪ್ಪು ಹಿಡಿಯಲು ಯಂತ್ರಗಳಿವೆ" ಎಂದವನೇ
ಮೂರನ್ನು ಫೋನಿಗಿಳಿಸಿ ಹೋದ.

ಮೊದಲನೆಯದು ಬಿಟ್ಟಿ.
ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದು ಸುಮ್ಮನೆ ಕೂರುತ್ತದೆ,
ಸೊಸೆ ನಾದಿದ ಹಿಟ್ಟನ್ನು ಮುಟ್ಟದೆ ನೋಡುವ ಅತ್ತೆಯ ಹಾಗೆ.
ಏನು ತಪ್ಪೆಂದರೆ ಹೇಳುವುದಿಲ್ಲ.
ನನ್ನ ಹೆಸರಿನ ಕೆಳಗೂ ಎಳೆಯಿತು.

ಎರಡನೆಯದಕ್ಕೆ ತಿಂಗಳಿಗೆ ಮೂವತ್ತು ಲರಿ,
ಒಂದೂವರೆ ಗಾಲಿ ಚೀಸು ಬರುವ ದುಡ್ಡು.
ಪಾಠ ಹೇಳುತ್ತದೆ: ಇಲ್ಲಿ ಅಲ್ಪವಿರಾಮ, ಅಲ್ಲಿ ಬೇಡ.
ದುಡ್ಡು ಕಟ್ಟದಿದ್ದರೆ
ಅರ್ಧ ಪಾಠದ ಮೇಲೆ ಮಂಜು ಕವಿಸುತ್ತದೆ.

ಮೂರನೆಯದು ಭಯಂಕರ ಸಭ್ಯ.
ನಾಲ್ಕು ಪದ ಕೊಟ್ಟರೆ ನಲವತ್ತು ಮಾಡಿ ಕೊಟ್ಟಿತು:
ನಮ್ಮ ಗೌರವಾನ್ವಿತ ಅತಿಥಿಗಳಲ್ಲಿ ಸವಿನಯ ವಿನಂತಿ,
ಆವರಣದ ಸ್ವಾಸ್ಥ್ಯದ ಹಿತದೃಷ್ಟಿಯಿಂದ...
ಓದಿ ನನಗೇ ಹೆದರಿಕೆ. ಯಾವ ಹೋಟೆಲಿನವಳು ಇವಳು?
ನನ್ನ ಏಪ್ರನ್ನು ಕಟ್ಟಿಕೊಂಡು ನನ್ನ ಅಡುಗೆಮನೆಯಲ್ಲಿ ನಿಂತಿದ್ದಾಳೆ,
ಕೈಗೆ ಬೆಳ್ಳುಳ್ಳಿಯ ವಾಸನೆಯೇ ಇಲ್ಲ.

ಸಂತೆಯಲ್ಲಿ ಚಾಕು ಕೊಳ್ಳುವಾಗ
ಹೆಬ್ಬೆರಳಿನಿಂದ ಅಲಗು ಸವರಿ ನೋಡುತ್ತೇನೆ.
ಇವುಗಳ ಅಲಗು ಎಲ್ಲಿದೆ?
ಅದೇ ಚೀಟಿಯನ್ನು ಮೂರಕ್ಕೂ ಕೊಟ್ಟೆ.
ಒಂದು 'ಎ'ಗೆ ಗೆರೆಯನ್ನೇ ಎಳೆಯಲಿಲ್ಲ,
ಒಂದು 'ದ' ಎಂದಿತು, ಕಾರಣ ಮಂಜಿನಾಚೆ,
ಮೂರನೆಯದು ನಾಯಿಯನ್ನೇ ತೆಗೆದುಹಾಕಿತ್ತು.

ಕೆಳಮನೆಯ ಎಲ್ಗುಜಾ, ರೈಲ್ವೆಯಿಂದ ನಿವೃತ್ತ,
ಇಂಗ್ಲಿಷು ಕಲಿತದ್ದು ರೇಡಿಯೋದಿಂದ, ಅದೂ ಕದ್ದು ಕೇಳಿ.
ಕನ್ನಡಕ ಹಣೆಗೇರಿಸಿ ಚೀಟಿ ನೋಡಿದ.
ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ.
"ಯಾವ ನಾಯಿ?" ಎಂದ.

ಯಾವ ನಾಯಿ ಎಂದರೇನು, ಬೊಂಬೊರಾ!
ಎರಡು ಕಣ್ಣಿಗೂ ಕೂದಲು ಇಳಿಬಿದ್ದ,
ಖಾಚಾಪುರಿ ತಿಂದು ತಿಂದು
ಚಳಿಗಾಲದಲ್ಲಿ ವೈದ್ಯರ ಮೇಜು ಹತ್ತಿದ ಬೊಂಬೊರಾ.
"ನನಗೆ ಗೊತ್ತು. ಬಾಗಿಲು ತೆರೆಯುವವನಿಗೆ?"
"ಬಂದು ಮೂಸುತ್ತದಲ್ಲ, ಗೊತ್ತಾಗುತ್ತದೆ."
"ಹಾಗಿದ್ದರೆ 'ದ'. ಇಬ್ಬರಿಗೂ ಗೊತ್ತಿರುವ ನಾಯಿಗೆ 'ದ'.
ಬೀದಿಯಲ್ಲಿ ಯಾವುದೋ ಓಡಿಹೋದರೆ 'ಎ'."
ಎದ್ದು ಹೋಗಿ ಟೊಮೆಟೊ ಸಸಿಗೆ ನೀರು ಹಾಕಿದ.

ಮೂರು ಯಂತ್ರಗಳಲ್ಲಿ ಒಂದೂ ಅದನ್ನು ಕೇಳಿರಲಿಲ್ಲ.

ಆದರೆ ಎಲ್ಗುಜಾ ಒಂಬತ್ತಕ್ಕೆ ಮಲಗುತ್ತಾನೆ,
ಅತಿಥಿಗಳು ಹನ್ನೊಂದಕ್ಕೆ ಬಿಸಿನೀರು ಕೇಳುತ್ತಾರೆ.
ಹಾಗಾಗಿ ಆ ಬಿಟ್ಟಿ ಅತ್ತೆಯನ್ನೇ ಇಟ್ಟುಕೊಂಡೆ.
ಬಾಯಿ ಬಿಡುವುದಿಲ್ಲ, ನಿಜ;
ನನ್ನ ಬಾಯನ್ನಾದರೂ ನನಗೆ ಬಿಟ್ಟಿದೆ.

ಜೂನಿನಲ್ಲಿ ಹೊರಟುಹೋದ ಸ್ಕಾಟ್ಲೆಂಡಿನ ಹುಡುಗಿ ಐಲ್ಸಾ
ದಿಂಬಿನ ಮೇಲೆ ಚೀಟಿ ಬಿಟ್ಟಿದ್ದಳು.
ಕುತೂಹಲಕ್ಕೆ ಅದನ್ನೂ ಯಂತ್ರಕ್ಕೆ ತಿನ್ನಿಸಿದೆ.
ಅವಳ ತಾಯಿನುಡಿ ತಾನೇ,
ಐದು ಸಾಲಿಗೆ ಆರು ಗೆರೆ!
ನಕ್ಕು ನಕ್ಕು ಒಲೆಯ ಮೇಲಿನ ಹಾಲು ಉಕ್ಕಿತು.
ಕೊನೆಯ ಸಾಲು: ಸಾರಿ, ಐ ಫೆಡ್ ದ ಡಾಗ್.
ಅದೊಂದರ ಕೆಳಗೆ ಮಾತ್ರ
ಗೆರೆ ಇರಲಿಲ್ಲ.