ಇಲ್ಲದ ಕಾಡು

ವೇಲ್ಸಿನಲ್ಲಿ, ಗ್ಲಾಸ್‌ವೆನ್ ಹೊಳೆ ಹುಟ್ಟುವ ಬೆಟ್ಟದ ಮೇಲೆ
ಕಾಡು ಕಡಿದು ಆರು ವರ್ಷ.
ಬುಡಗಳಿವೆ. ಲಾರಿ ಕೊರೆದ ಹಳ್ಳಗಳಿವೆ.
ಹಳ್ಳದ ಕೆಂಚು ನೀರಿನಲ್ಲಿ ಯಾರದೋ ಎಡಗೈ ಗವಸು.

ಹೆಲೆದ್ ಪ್ರೊಸರ್‌ಳ ಕಂಪ್ಯೂಟರಿನಲ್ಲಿ ಮಾತ್ರ
ಕಾಡು ಇನ್ನೂ ನಿಂತೇ ಇತ್ತು.

ಹೊಳೆಯ ಮಾದರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.
ಪ್ರತಿ ಮಳೆಗೂ ಅದು
ಮೊದಲ ಹನಿಗಳನ್ನು ಸ್ಪ್ರೂಸ್ ಮರಗಳಿಗೆ ಎತ್ತಿಡುತ್ತಿತ್ತು,
ಇಲ್ಲದ ಬೇರುಗಳಿಗೆ ಕುಡಿಸುತ್ತಿತ್ತು,
ಮಿಕ್ಕಿದ್ದನ್ನು ಸಾವಕಾಶ ಕೆಳಗೆ ಬಿಡುತ್ತಿತ್ತು,
ಸತ್ತ ಯಜಮಾನನಿಗೂ ಎಲೆ ಹಾಕಿ
ಬಡಿಸಿ ಕಾಯುವ ಮನೆಯ ಹಾಗೆ.

ಫೆಬ್ರವರಿಯ ಆ ರಾತ್ರಿ ಅದು ಕೊಟ್ಟ ಹೊತ್ತು ಮೂರೂವರೆ.
ನೀರು ಬಂದದ್ದು ಎರಡೂ ಐವತ್ತಕ್ಕೆ.
ಬೇಕರಿಯ ಐರ್ವೆನ್ ಹಿಟ್ಟು ನಾದುತ್ತಿದ್ದಳು.
ಮೊದಲು ಬಚ್ಚಲ ಜಾಲರಿ ಗೊಳಗೊಳ ಅಂದಿತು.
ಆಮೇಲೆ ಬಾಗಿಲು ತಾನಾಗಿ ತೆರೆಯಿತು.
ಒಲೆ ಹೋಯಿತು, ಹದಿಮೂರು ಮೂಟೆ ಮೈದಾ ಹೋಯಿತು,
ಅತ್ತೆಯ ಕಾಲದಿಂದ ದಿನಾ ಉಣಿಸಿ ಉಳಿಸಿದ್ದ
ಹುಳಿಹಿಟ್ಟಿನ ಜಾಡಿ,
ಅದು ಮಾತ್ರ ತೇಲಿತು, ಸ್ವಲ್ಪ ಹೊತ್ತು.

ಸಭೆಯಲ್ಲಿ ಅವಳು ಕೂಗಾಡಲಿಲ್ಲ.
"ನಿಮ್ಮ ಯಂತ್ರ ಕೊನೆಯ ಸಲ ಬೆಟ್ಟ ಹತ್ತಿದ್ದು ಯಾವಾಗ?"
ಅಷ್ಟು ಕೇಳಿ ಕೂತಳು.
ಹೆಲೆದ್ ಬರೆದುಕೊಂಡಳು, ಉತ್ತರಕ್ಕೆ ಜಾಗ ಬಿಟ್ಟು.

ಹತ್ತಿದಳು, ಕುರಿ ಸಾಕುವ ತೆಗಿದ್‌ನ ಬೆನ್ನ ಹಿಂದೆ.
ಅವನ ಮಾತು ಕಡಿಮೆ, ಕೋಲಿನದೇ ಹೆಚ್ಚು.
ಕೋಲು ತೋರಿಸಿತು: ಇಲ್ಲೊಂದು ಮೋರಿ,
ಅಪ್ಪ ಹಾಕಿಸಿದ್ದು, ಎರಡಡಿ ಬಾಯಿ.
ಕೊಂಬೆ ಸಿಕ್ಕರೆ ಬಾಯಿ ಕಟ್ಟುತ್ತದೆ.
ಆಗ ನೀರು ರಸ್ತೆ ಹಿಡಿಯುತ್ತದೆ, ನಮ್ಮ ಹಾಗೇ,
ಸಲೀಸು ಅಂತ.
ಹೆಲೆದ್‌ಳ ನಕ್ಷೆಯಲ್ಲಿ ಮೋರಿಯೇ ಇರಲಿಲ್ಲ.

ಜಲಾನಯನ ಅಂದರೆ ನೀರನ್ನು ಕರೆತರುವುದು, ಅಷ್ಟೇ.
ಶಾಲೆಯಲ್ಲಿ ನಾನದನ್ನು ತಪ್ಪಾಗಿ ಬಿಡಿಸಿದ್ದೆ,
ಜಲದ ನಯನ ಎಂದು;
ಮೇಷ್ಟರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು.
ಆ ಬೋಳು ಇಳಿಜಾರು ನೋಡಿದ್ದರೆ
ಅವರೂ ಅರ್ಧ ಅಂಕ ಕೊಡುತ್ತಿದ್ದರೇನೋ:
ರೆಪ್ಪೆಗೂದಲೆಲ್ಲ ಉದುರಿದ ಕಣ್ಣು,
ಮುಚ್ಚಲೂ ಬಾರದು, ತಡೆಯಲೂ ಬಾರದು.

ಒಂದು ಮಧ್ಯಾಹ್ನ, ಕೂತಲ್ಲೇ,
ಹೆಲೆದ್ ನಾನೂರು ಎಕರೆ ಕಾಡು ಕಡಿದಳು.
ಸದ್ದಿಲ್ಲ. ಒಂದು ಹಕ್ಕಿ ಏಳಲಿಲ್ಲ. ಚಹಾ ಆರಿತು.
ಮೋರಿ ಇಟ್ಟಳು, ಅದರ ಬಾಯಿಗೆ ಕೊಂಬೆ ತುರುಕಿದಳು,
ಮಣ್ಣಿನ ಹೊಟ್ಟೆ ಚಿಕ್ಕದು ಮಾಡಿದಳು.
ಆಮೇಲೆ ಫೆಬ್ರವರಿಯ ಮಳೆಯನ್ನೇ ಮತ್ತೆ ಸುರಿದಳು,
ಮತ್ತೆ, ಇನ್ನೂ ಒಮ್ಮೆ, ಅರವತ್ತೇಳು ಸಲ;
ಅರವತ್ತೇಳು ಸಲ ಐರ್ವೆನ್‌ಳ ಬಾಗಿಲು ತೆರೆಯಿತು,
ಮೂರೂ ಹತ್ತಕ್ಕೆ, ಮೂರಕ್ಕೆ, ಮೂರಕ್ಕೆ ಐದು ನಿಮಿಷವಿರುವಾಗ.
ಕೊನೆಗೆ ಲೆಕ್ಕದ ಗೆರೆ
ಅಳತೆಯ ಗೆರೆಯ ಮೇಲೆ ಮಲಗಿತು.
ಎರಡೂ ಐವತ್ತು.

ಹೆಲೆದ್ ಮೇಜು ಗುದ್ದಿ ನಕ್ಕಳು.
ನಗು ಮುಗಿಯುವ ಮೊದಲೇ ನಾಚಿಕೆ,
ಒಂದು ಮನೆಯನ್ನು ಹೊತ್ತಿಗೆ ಸರಿಯಾಗಿ
ಮುಳುಗಿಸಲು ಕಲಿತದ್ದಕ್ಕೆ.

ಅಕ್ಟೋಬರಿನಲ್ಲಿ ಫೋನುಗಳು ಹನ್ನೊಂದಕ್ಕೇ ಕಿರುಚಿದವು.
ಐರ್ವೆನ್ ಮೂಟೆ ಹೊತ್ತಳು ಮಹಡಿಗೆ, ಒಂಬತ್ತು,
ಹೊಸ ಜಾಡಿಯನ್ನು ಕಂಕುಳಲ್ಲಿ ಅವುಚಿ
ಮೆಟ್ಟಿಲ ಮೇಲೆ ಕೂತಳು.
ನೀರು ಹೊಸ್ತಿಲಿನ ಗೇಣು ಕೆಳಗೆ ನಿಂತು
ಯೋಚಿಸಿ
ಹಿಂದೆ ಹೋಯಿತು.

ಬೆಳಿಗ್ಗೆ ಕಚೇರಿಗೆ ಅವಳ ಫೋನು: "ಬರಲಿಲ್ಲ."
ಬೈಗುಳವೋ ಏನೋ ಗೊತ್ತಾಗಲಿಲ್ಲ.
"ಮೂಟೆ ಇಳಿಸಲಾ, ಬೇಡವಾ?"

ಮೊನ್ನೆ ತೆಗಿದ್ ಹೇಳಿಕಳಿಸಿದ:
ಮೇಲೆ ಸಸಿ ನೆಟ್ಟಿದ್ದಾರೆ. ಬರ್ಚ್, ರೋವನ್. ಮೊಣಕಾಲುದ್ದ.
ನನ್ನ ಕುರಿ ತಿನ್ನದಿದ್ದರೆ ಉಳಿದಾವು.

ಮೊಣಕಾಲುದ್ದದ ಕಾಡು ಎಷ್ಟು ಮಳೆ ಹಿಡಿದೀತು?
ಕೋಷ್ಟಕದ ಆ ಮನೆಯಲ್ಲಿ
ಹೆಲೆದ್ ಸೊನ್ನೆ ಬರೆದಳು.
ಅಳಿಸಲಿಲ್ಲ.
ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು
ಬೆರಳು ಎತ್ತದೆ ಕೂತಳು.