ಕಲಿಕೆಯ ತಾಸುಗಳು

ಮುಸಫ್ಫಾದ ನಮ್ಮ ಲೇಬರ್ ಕ್ಯಾಂಪಿಗೆ
ಕಂಪನಿ ಕೊಟ್ಟ ಕೋಣಿ ಕ್ರೇನಿನಿಂದ ಇಳಿದು ಬಂತು.
ನೀಲಿ ಕಂಟೇನರು, ಒಳಗ ಹತ್ತು ಕಂಪ್ಯೂಟರು,
ಬಾಗಿಲ ಮ್ಯಾಲ ಒಂದು ಕಣ್ಣು.
ಒಳಗ ಹೋದವರನ್ನ ಎಣಿಸೂದು ಅದರ ಕೆಲಸ.

ನಾ ಮೆಸ್ಸಿನ ಅಡಗಿಯವ, ವೈಜಿನಾಥ, ಭಾಲ್ಕಿ ಕಡಿಯವ.
ಅವತ್ತು ನೂರಾ ಎಂಬತ್ತು ಸಮೋಸಾ ಕರದೆ.
ಕಂಪನಿಯವರು ಒಂದೇ ನಮೂನಿ ಅಂಗಿ ತೊಟ್ಟು ಬಂದ್ರು,
ರಿಬ್ಬನ್ ಕತ್ತರಿಸಿದ್ರು. ಕತ್ತರಿ ನಂದೇ,
ಕೊತಂಬ್ರಿ ವಾಸನಿ ಇತ್ತು ಅದಕ್ಕ.
ಹಲಗಿ ಮ್ಯಾಲ ಮೂರು ಭಾಷಾದಾಗ ಬರದಿತ್ತು:
ಸ್ಥಳೀಯ ಸಮುದಾಯಕ್ಕೆ ನಮ್ಮ ಕಾಣಿಕೆ.

ಸ್ಥಳೀಯ ಅಂದ್ರ ಯಾರು? ಗುಲ್‌ಝಮೀನ್ ಕೇಳಿದ.
ಪೇಶಾವರದವ, ಇಪ್ಪತ್ತಾರು ವರ್ಷದಿಂದ ಇಲ್ಲಿ ಕಬ್ಬಿಣ ಬಾಗಿಸ್ತಾನ.
ನಾವೇ ಇರಬೇಕು, ಅಂದೆ.
ಎರಡೆರಡು ವರ್ಷಕ್ಕ ಠಸ್ಸಿ ಒತ್ತಿಸ್ಕೊಳ್ಳೋ ಸ್ಥಳೀಯರು.
ಅವ ನಗಲಿಲ್ಲ. ಇನ್ನೊಂದು ಸಮೋಸಾ ತಗೊಂಡ.

ಶುರುವಿಗೆ ಯಾರೂ ಹೋಗಲಿಲ್ಲ.
ಹತ್ತು ತಾಸು ದುಡದು ಬಂದ ಬೆರಳಿಗೆ
ಗುಂಡಿ ಒತ್ತೂದು ಮತ್ತೊಂದು ಓವರ್‌ಟೈಮು,
ಅದೂ ಪಗಾರ ಇಲ್ಲದ್ದು.
ಕಣ್ಣು ಸುಮ್ಮನ ಕೆಂಪಗ ಮಿಣುಕ್ತಿತ್ತು.
ಕಂಪನಿಯಿಂದ ಕೇಳಿಕಿ ಬಂತು: ಯಾಕ ಸೊನ್ನಿ?
ಸೂಪರ್‌ವೈಜರ್ ಚಾವಿ ತಂದು
ನನ್ನ ಮಸಾಲಿ ಡಬ್ಬಿ ಪಕ್ಕ ಇಟ್ಟು ಹೋದ.

ಆಗಸ್ಟ್ ಬಂತು.
ಮೂರನೇ ಸಾಲಿನ ಏಸಿ ಸತ್ತವು.
ರಿಪೇರಿಯವ ಬುಕ್ರಾ ಅಂದ, ಕಲ್ ಅಂದ,
ನಾಳೆ ಅನ್ನೂದೊಂದು ಬಾಕಿ ಇತ್ತು.
ಹನ್ನೆರಡು ಮಂದಿ ಮಲಗೋ ಕೋಣ್ಯಾಗ
ನಡುರಾತ್ರಿ ತಗಡಕ್ಕೂ ಬೆವರು.
ಕಂಟೇನರಿಗೆ ಮಾತ್ರ ಕಂಪನಿಯದೇ ಲೈನು,
ಯಂತ್ರಕ್ಕ ಸೆಕಿ ಆಗಬಾರದಂತ.

ಚಾವಿ ನನ್ನ ಹತ್ರ ಇತ್ತು.

ಒಬ್ಬೊಬ್ಬರೇ ಬಂದ್ರು, ಚಾದರ ಹೆಗಲಿಗೆ ಹಾಕ್ಕೊಂಡು.
ಮೊಫಜ್ಜಲ್ ಮೇಜಿನ ಕೆಳಗ, ತಿಲ್‌ಬಹಾದೂರ ಮೇಜಿನ ಮ್ಯಾಲ,
ಜಗಿತ್ಯಾಲದ ಲಚ್ಚಯ್ಯ ನಾಕು ಕುರ್ಚಿ ಜೋಡಿಸಿ.
ಕಣ್ಣು ಎಣಿಸಿತು: ಮೂವತ್ತೊಂದು.
ರಾತ್ರಿ ಒಂಬತ್ತೂವರಿಂದ ಬಸ್ ಬರೋ ಮೂರೂವರಿ ತನಕ
ಗೊರಕಿಯ ಪಾಠ.

ತಿಂಗಳ ಕೊನಿಗೆ ಬಂಗಾರದ ಅಂಚಿನ ಕಾಗದ ಬಂತು:
ಕಲಿಕೆಯ ತಾಸು, ಐದು ಸಾವಿರದ ಐನೂರಾ ಎಂಬತ್ತು.
ಕಂಪನಿ ಕೊಟ್ಟ ಕೋಣಿಗಳಾಗ ನಮ್ಮದೇ ಮೊದಲ ನಂಬರು.

ಕ್ಯಾಮೆರಾನೂ ಬಂತು. ಹೆಸ್ಸಾ ಅಂತ ಎಳೇ ಹುಡುಗಿ,
ಏನೇನು ಕಲಿತಿರಿ ಅಂತ ಮೈಕು ಹಿಡದಳು.
ಲಚ್ಚಯ್ಯ ಎಕ್ಸೆಲ್ ಅಂದ.
ಆ ಒಂದು ಶಬ್ದ ಬೆಳಿಗ್ಗಿ ನಾನೇ ಕಲಿಸಿದ್ದೆ.
ಆಕಿ ಒಳಗ ಬಂದಳು.
ಮೇಜಿನ ಕೆಳಗ ಒಂದು ದಿಂಬು ಮರ್ತು ಉಳದಿತ್ತು,
ಅಂಚಿಗೆ ಕಸೂತಿ, ಯಾರದೋ ಹೇಂತಿ ಹಾಕಿದ್ದು.
ಬಾಳ ಹೊತ್ತು ಅದನ್ನೇ ನೋಡಿದಳು.
ಕ್ಯಾಮೆರಾದವಗ ಅಂದಳು,
ಇಲ್ಲಿ ಬೆಳಕು ಸರಿ ಇಲ್ಲ, ಹೊರಗ ತಗಿ.

ವರದಿಯಾಗ ಏನು ಬರದಳೋ ಗೊತ್ತಿಲ್ಲ.
ಎರಡು ತಿಂಗಳಿಗೆ ಇನ್ನೊಂದು ಕಂಟೇನರು ಬಂತು.
ಕಂಪ್ಯೂಟರು ನಾಕೇ.
ಮೇಜು ಇಪ್ಪತ್ತು, ಒಂದೊಂದೂ ಆರೂವರಿ ಫೂಟು ಉದ್ದ.
ಇಷ್ಟು ಉದ್ದದ ಮೇಜು ಯಾಕಂತ ಸೂಪರ್‌ವೈಜರ್
ಇವತ್ತಿಗೂ ಕೇಳ್ತಾನ.

ಮೊನ್ನಿ ನನಗ ನಿದ್ದಿ ಬರಲಿಲ್ಲ.
ಮಲಗಿದವರ ಕಾಲು ದಾಟಿ ಹೋಗಿ ಒಂದು ಪರದಿ ಹಚ್ಚಿದೆ.
ಹಲಗಿ ಮ್ಯಾಲಿನ ಆ ಶಬ್ದ ಕನ್ನಡದಾಗ ಬರೀಬೇಕು ಅನಸ್ತು.
ಸ ಬಂತು. ಥ ಬಂತು.
ಎರಡೂ ಬ್ಯಾರೆ ಬ್ಯಾರೆ ನಿಂತವು, ಅತ್ತಿ ಸೊಸಿಯ ಹಂಗ.
ಒತ್ತು ಕೊಡೂದು ಹ್ಯಾಂಗೋ ತಿಳೀಲಿಲ್ಲ,
ಯಾರನ್ನ ಎಬ್ಬಿಸಿ ಕೇಳಬೇಕು?
ಅಷ್ಟರಾಗ ಮೂರು ಬಡೀತು.
ಕಲಿಸೂದು ಅವರ ಧಂದೆ, ಕಲಸೂದು ನಂದು.
ಇನ್ನೂರು ರೊಟ್ಟಿಯ ಹಿಟ್ಟು ಕಾಯ್ತಿತ್ತು.

ಎದ್ದು ಬಂದೆ. ಪರದಿ ಆರಿಸೂದು ಮರ್ತೆ.
ಸ ಮತ್ತ ಥ ಅಲ್ಲೇ ಇದ್ದವು,
ಪಕ್ಕದಾಗ ಒಂದು ಗೆರಿ
ಬಂದು ಹೋಗಿ, ಬಂದು ಹೋಗಿ ಮಾಡ್ತಿತ್ತು.