ಮಸಿಯ ಹನಿ

ಬೆನ್ನುಹುರಿಯಿಂದ ಇಳಿಸಿದ ನೀರು,
ನೋಡಲಿಕ್ಕೆ ಬಾವಿನೀರಿನಷ್ಟೇ ತಿಳಿ.
ಗಾಜಿನ ಮೇಲೆ ಅದರದೊಂದು ಹನಿ,
ಮಗ್ಗುಲಿಗೆ ಒಂದು ಹನಿ ಮಸಿ.
ದಾವಣಗೆರೆಯ ದೊಡ್ಡಾಸ್ಪತ್ರೆ, ಲ್ಯಾಬಿನ ಕಿಟಕಿ,
ಸಜ್ಜೆಯ ಮೇಲೆ ಪಾರಿವಾಳಗಳ ಗುಟುರು.

ಹೊರಗೆ ಬೆಂಚಿನಲ್ಲಿ ಮಾಳಮ್ಮ.
ಗಂಡ ಮಂಡಕ್ಕಿ ಭಟ್ಟಿಯವನು.
"ತಲಿಯೊಳಗೆ ಭಟ್ಟಿ ಉರಿತೈತಿ ಅಂತಾನ್ರಿ.
ನಿನ್ನಿಯಿಂದ ನನಗೇ ಅವ್ವಾ ಅಂತಾನ."
ಗುಳಿಗೆ?
ಡಬ್ಬಿ ತೆಗೆದು ಅಲ್ಲಾಡಿಸಿದಳು. ಸದ್ದಿಲ್ಲ.
ಬಸ್ಸಿನಲ್ಲಿ ಗಲಗಲ ಅಂದರೆ ಜನ ಕೇಳುತ್ತಾರೆಂದು
ಮೇಲೆ ಮಂಡಕ್ಕಿ ತುಂಬಿದ್ದಾಳೆ.
ಕೆಳಗೆ ಶಿವರಾತ್ರಿಗೆ ತಂದ ಗುಳಿಗೆ,
ಒಂದೂ ಕಮ್ಮಿಯಾಗಿಲ್ಲ.
ಸದ್ದಿಲ್ಲದ್ದಕ್ಕೇ ಆಕೆಗೂ ತಿಳಿದಿರಲಿಲ್ಲ.

ಕಣ್ಣಿಟ್ಟೆ.
ಕತ್ತಲು. ಕತ್ತಲಲ್ಲಿ ಒಂದು, ಹತ್ತು, ಎಣಿಸಲಾರದಷ್ಟು
ಬೆಳಕಿನ ಬಳೆ ತೊಟ್ಟ ದುಂಡು ಕಣ,
ಕಾದ ಕರಿ ಉಸುಕಿನಲ್ಲಿ ಅಕ್ಕಿ ಅರಳಿದ ಹಾಗೆ.
ಚೆಂದ ಅನ್ನಬಾರದು. ಅಂದುಬಿಟ್ಟೆ.
ಬೂಷ್ಟು.
ಪಾರಿವಾಳದ ಹಿಕ್ಕೆಯಲ್ಲಿರುತ್ತದೆ, ಧೂಳಿನಲ್ಲಿರುತ್ತದೆ,
ನನ್ನ ಉಸಿರಲ್ಲೂ ಎಷ್ಟೋ ಸಲ ಹೋಗಿ ಬಂದಿದ್ದೀತು;
ಕಾವಲಿದ್ದ ಮನೆ, ಒಳಗೆ ಬಿಡಲಿಲ್ಲ, ಅಷ್ಟೇ.

ವರದಿ ಬರೆದೆ. ಪೆನ್ನಿನದು ಬೇರೆ ಮಸಿ,
ಆದರೂ ಕೈ ತಡೆಯಿತು.

ಮೂರು ಸಲ ನೀರಿಳಿಸಿದ ಮೇಲೆ
ತಲೆಯ ಬಿಗಿ ಸಡಿಲಿತಂತೆ.
"ಹೆಸ್ರು ಹಿಡದು ಕರದ್ರಿ ಇವತ್ತು," ಕಿಟಕಿಗೆ ಬಂದಳು,
"ಗೌರಿ ಅಂದ. ಅದು ನಮ್ಮ ಆಡಿನ ಹೆಸ್ರು."
ನಗುತ್ತಲೇ ಡಬ್ಬಿ ಬಗ್ಗಿಸಿ
ಮೆತ್ತಗಾದ ಮಂಡಕ್ಕಿಯನ್ನೆಲ್ಲ ಸಜ್ಜೆಗೆ ಸುರಿದು
ಹೊಸ ಗುಳಿಗೆ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಗಲಗಲ.

ಪಾರಿವಾಳಗಳು ಇಳಿದವು.
ಓಡಿಸಲೋ ಬೇಡವೋ ತಿಳಿಯದೆ
ನಾನು ಕಿಟಕಿಯ ಚಿಲಕ ಹಿಡಿದು ನಿಂತಿದ್ದೆ.